ದಾರಿಯಲ್ಲಿ ಬೆಳೆದ ಹುಡುಗಿ, ಮಕ್ಕಳಿಗೆ ಮನೆಯಾದ ತಾಯಿ: ಪಂಡಿತಾ ರಮಾಬಾಯಿಯ ಜೀವನ

  

ಇವತ್ತು ಯೌವನಸ್ಥರ ಆರಾಧನೆ. ಸಾಮಾನ್ಯವಾಗಿ ನಾನು ಸತ್ಯವೇದದ ಒಂದು ಭಾಗ ತೆಗೆದು, ಅದರಿಂದ ಮೂರು ವಿಷಯ ಹೇಳಿ ಮುಗಿಸ್ತೀನಿ. ಇವತ್ತು ಹಾಗೆ ಮಾಡಲ್ಲ. ಒಬ್ಬ ತಾಯಿಯ ಜೀವನವನ್ನು ನಿಮ್ಮ ಮುಂದೆ ಇಡ್ತೀನಿ. ಯಾಕೆ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದು ಮೊದಲು ನನಗೇ ಬಂದ ಸಂದೇಶ.

ಹೋದ ಕ್ರಿಸ್‌ಮಸ್‌ಗೆ ನಾವೆಲ್ಲ ರೈಲ್ವೆ ಸ್ಟೇಷನ್ ಹತ್ತಿರ ಹೋಗಿದ್ವಿ, ನೆನಪಿದೆಯಾ? ಅಲ್ಲಿ ತಿರುಗಾಡೋ ಮಕ್ಕಳಿಗೆ ಕೇಕ್ ಕೊಟ್ವಿ, ಸ್ವೆಟರ್ ಕೊಟ್ವಿ, ಎರಡು ಹಾಡು ಹಾಡಿದ್ವಿ, ಪ್ರಾರ್ಥನೆ ಮಾಡಿದ್ವಿ. ಫೋಟೋ ತೆಗೆದ್ವಿ. ಆ ಫೋಟೋ ಎಷ್ಟೋ ಜನರ ಸ್ಟೇಟಸ್‌ನಲ್ಲಿ ಇತ್ತು, ನನ್ನ ಸ್ಟೇಟಸ್‌ನಲ್ಲೂ ಇತ್ತು. ಆಮೇಲೆ ಫೆಬ್ರವರಿಯಲ್ಲಿ ಒಂದು ದಿನ ನಾನು ರೈಲು ಹಿಡಿಯೋಕೆ ಅಲ್ಲಿಗೆ ಹೋದೆ. ಖಾಲಿ ನೀರಿನ ಬಾಟಲಿ ಆರಿಸಿ ಚೀಲಕ್ಕೆ ಹಾಕ್ತಿದ್ದ ಒಬ್ಬ ಹುಡುಗ ನನ್ನ ಗುರುತು ಹಿಡಿದ. ಅಣ್ಣ, ಮತ್ತೆ ಯಾವಾಗ ಬರ್ತೀರಿ ಅಂತ ಕೇಳಿದ. ಬರ್ತೀವಿ ಅಂತ ಹೇಳಿ ನಾನು ರೈಲು ಹತ್ತಿದೆ. ಸೀಟಲ್ಲಿ ಕೂತ ಮೇಲೆ ಹೊಳೀತು, ನಾನು ಅವನ ಹೆಸರನ್ನೇ ಕೇಳಿರಲಿಲ್ಲ. ಕ್ರಿಸ್‌ಮಸ್ ದಿನವೂ ಕೇಳಿರಲಿಲ್ಲ, ಈಗಲೂ ಕೇಳಲಿಲ್ಲ.

ಆ ಪ್ರಯಾಣದಲ್ಲಿ ಕರ್ತನು ನನಗೆ ನೆನಪಿಗೆ ತಂದದ್ದು ಬೈಬಲ್ ಕಾಲೇಜಿನಲ್ಲಿ ಓದಿದ್ದ ಒಂದು ಜೀವನವನ್ನು. ಪರೀಕ್ಷೆಗೆ ಓದಿ ಮರೆತಿದ್ದೆ. ಪಂಡಿತಾ ರಮಾಬಾಯಿ.

ಹೆಸರು ಕೇಳಿದ ತಕ್ಷಣ ಇದು ಮಹಾರಾಷ್ಟ್ರದ ಕಥೆ ಅಂತ ಅಂದ್ಕೋಬೇಡ್ರಿ. ಆಕೆ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲಿ. ಪಶ್ಚಿಮ ಘಟ್ಟದಲ್ಲಿ ಗಂಗಾಮೂಲ ಅಂತ ಒಂದು ಬೆಟ್ಟ ಇದೆ. ತುಂಗಾ ನದಿ, ಭದ್ರಾ ನದಿ ಹುಟ್ಟೋದು ಅಲ್ಲೇ. ಅವೆರಡೂ ಕೂಡಿ ತುಂಗಭದ್ರೆಯಾಗಿ ನಮ್ಮ ಡ್ಯಾಮಿಗೆ ಬರುತ್ತದೆ, ಹಂಪಿ ಪಕ್ಕದಲ್ಲಿ ಹರಿಯುತ್ತದೆ, ಕಂಪ್ಲಿಯ ಗದ್ದೆಗಳಿಗೆ ಹೋಗುತ್ತದೆ. ಆ ನೀರಿನ ಮೂಲದ ಹತ್ತಿರ, ಕಾಡಿನೊಳಗಿನ ಒಂದು ಆಶ್ರಮದಲ್ಲಿ, 1858ನೇ ಇಸವಿ ಏಪ್ರಿಲ್ 23ರಂದು ಈ ಮಗು ಹುಟ್ಟಿತು.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ. ದೊಡ್ಡ ಸಂಸ್ಕೃತ ಪಂಡಿತರು. ಹೆಣ್ಣುಮಕ್ಕಳು ಓದಬಾರದು ಅನ್ನೋ ಆ ಕಾಲದಲ್ಲಿ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಸಮಾಜ ಸುಮ್ಮನೆ ಬಿಡಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಅವರು ಇದಕ್ಕೆ ಉತ್ತರ ಕೊಡಬೇಕಾಯಿತು. ಕೊಟ್ಟರು. ಆದರೂ ಊರಿನಿಂದ ದೂರ, ಕಾಡಿನಲ್ಲಿ ಮನೆ ಮಾಡಿ, ಬಂದ ವಿದ್ಯಾರ್ಥಿಗಳಿಗೆ ಪಾಠ ಹೇಳಿಕೊಂಡು ಬದುಕಿದರು. ಬಂದವರಿಗೆಲ್ಲ ಅನ್ನ ಹಾಕಿ, ಇದ್ದ ಆಸ್ತಿಯೆಲ್ಲ ಕರಗಿತು.

ರಮಾ ಇನ್ನೂ ಕೆಲವು ತಿಂಗಳ ಕೂಸಾಗಿದ್ದಾಗಲೇ ಕುಟುಂಬ ಮನೆ ಬಿಟ್ಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿ, ಕೂಲಿಯವನ ತಲೆ ಮೇಲೆ ಹೊರಿಸಿ ಬೆಟ್ಟ ಇಳಿದರು. ಅಲ್ಲಿಂದ ಶುರುವಾದ ನಡಿಗೆ ನಿಲ್ಲಲೇ ಇಲ್ಲ. ಒಂದು ತೀರ್ಥಕ್ಷೇತ್ರದಿಂದ ಇನ್ನೊಂದಕ್ಕೆ. ದೇವಸ್ಥಾನದ ಕಟ್ಟೆಯ ಮೇಲೆ, ನದಿಯ ಘಟ್ಟದ ಮೇಲೆ ಕೂತು ಪುರಾಣ ಓದೋದು, ಕೇಳಿದವರು ಕೊಟ್ಟ ಅಕ್ಕಿ, ಕಾಸಿನಲ್ಲಿ ಜೀವನ. ಆ ಮಗುವಿಗೆ ಶಾಲೆ ಅಂತ ಇರಲಿಲ್ಲ. ಬೆಳಗಾಗುವ ಮುಂಚೆ ತಾಯಿ ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಶ್ಲೋಕ ಹೇಳಿಕೊಡುತ್ತಿದ್ದಳು. ಹನ್ನೆರಡು ವರ್ಷ ಆಗುವಷ್ಟರಲ್ಲಿ ಭಾಗವತದ ಸಾವಿರಾರು ಶ್ಲೋಕಗಳು ಆ ಹುಡುಗಿಗೆ ಬಾಯಿಪಾಠ.

ಯೌವನಸ್ಥರೇ, ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮನೆ ಇಲ್ಲ, ಶಾಲೆ ಇಲ್ಲ, ಊರಿಲ್ಲ. ಆದರೆ ದಿನಾ ಒಬ್ಬರು ಪಕ್ಕದಲ್ಲಿ ಕೂತು ಕಲಿಸಿದರು. ಅಷ್ಟು ಸಾಕಾಯಿತು. ಬೀದಿಯಲ್ಲಿ ಇರೋ ಮಗುವಿನ ತಲೆ ಖಾಲಿ ಅಂತ ಯಾರೂ ಅಂದ್ಕೋಬೇಡ್ರಿ.

ಆಮೇಲೆ ಬರ ಬಂತು. ನಮ್ಮ ಕಡೆ ಹಿರಿಯರು ಧಾತು ಈಶ್ವರ ಬರ ಅಂತ ಹೇಳ್ತಿದ್ರು, 1876ರಿಂದ 78ರವರೆಗೆ. ಬಳ್ಳಾರಿ ಜಿಲ್ಲೆಯಲ್ಲಿ ಊರಿಗೆ ಊರೇ ಖಾಲಿಯಾದ ಬರ ಅದು. ಆಗ ಬಳ್ಳಾರಿ ಇದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಅದೇ ಪ್ರೆಸಿಡೆನ್ಸಿಯಲ್ಲಿ ಅಲೆಯುತ್ತಿದ್ದ ಈ ಕುಟುಂಬಕ್ಕೆ ಹಸಿವು ಅದಕ್ಕೂ ಮುಂಚೆಯೇ, 1874ರ ಹೊತ್ತಿಗೇ ಮುಟ್ಟಿತು. ಪಾತ್ರೆ ಮಾರಿದರು, ಒಡವೆ ಮಾರಿದರು, ಒಳ್ಳೆಯ ಬಟ್ಟೆ ಮಾರಿದರು. ಕೊನೆಗೆ ಮಾರೋಕೆ ಏನೂ ಉಳಿಯಲಿಲ್ಲ. ಭಿಕ್ಷೆ ಕೇಳೋಕೆ ಅಭಿಮಾನ ಬಿಡಲಿಲ್ಲ, ದುಡಿಯೋಕೆ ಕೆಲಸ ಗೊತ್ತಿರಲಿಲ್ಲ. ಎಲ್ಲರೂ ಕಾಡಿನೊಳಗೆ ಹೋಗಿ ಸಾಯೋಣ ಅಂತ ತೀರ್ಮಾನ ಮಾಡುವ ಸ್ಥಿತಿಗೆ ಬಂದರು. ಎಲೆ ತಿಂದು ದಿನ ಕಳೆದರು. ಮೊದಲು ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ.

ತಾಯಿಗೆ ಕೊನೆಯ ದಿನಗಳಲ್ಲಿ ಒಂದು ತುಂಡು ಒರಟು ರೊಟ್ಟಿ ತಿನ್ನೋ ಆಸೆಯಾಯಿತು. ರಮಾ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತಳು. ಕೇಳೋಕೆ ಬಾಯಿ ಬರಲಿಲ್ಲ, ಕಣ್ಣೀರು ಬಂತು. ಆ ಮನೆಯಾಕೆ ಅರ್ಥ ಮಾಡಿಕೊಂಡು ರೊಟ್ಟಿ ಕೊಟ್ಟಳು. ತಂದಾಗ ತಾಯಿಗೆ ತಿನ್ನುವ ಶಕ್ತಿ ಇರಲಿಲ್ಲ. ಶವ ಹೊರೋಕೆ ನಾಲ್ಕು ಜನ ಸಿಗಲಿಲ್ಲ. ಇಬ್ಬರು ಕನಿಕರಪಟ್ಟು ಬಂದರು, ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾ. ಎತ್ತರ ಸಾಲದೆ ಚಟ್ಟದ ತುದಿಯನ್ನು ಆಕೆ ತಲೆಯ ಮೇಲೆ ಹೊತ್ತು ನಡೆದಳು. ಆಗ ಆಕೆಗೆ ಹದಿನಾರು ವರ್ಷ. ಇಲ್ಲಿ ಕೂತಿರೋ ಎಷ್ಟೋ ಜನ ಪಿಯುಸಿ ಓದೋ ವಯಸ್ಸು.

ಅಕ್ಕ ಕೃಷ್ಣಾಬಾಯಿಯೂ ತೀರಿಕೊಂಡಳು. ಉಳಿದದ್ದು ಅಣ್ಣ ತಂಗಿ ಇಬ್ಬರೇ. ಇಬ್ಬರೂ ಕಾಲ್ನಡಿಗೆಯಲ್ಲಿ ಸುಮಾರು 4000 ಮೈಲಿ ನಡೆದರು. ನೆನೆಸಿದ ಕಾಳಿಗೆ ಉಪ್ಪು ಹಾಕಿ ತಿಂದರು, ಕಾಡು ಹಣ್ಣನ್ನು ಬೀಜ ಸಮೇತ ನುಂಗಿದರು. ಉತ್ತರದ ಕಡೆ ಝೀಲಂ ನದಿಯ ದಂಡೆಯಲ್ಲಿ ಚಳಿ ತಡೆಯೋಕೆ ಕಂಬಳಿ ಇರಲಿಲ್ಲ. ಮರಳಿನಲ್ಲಿ ಗುಂಡಿ ತೋಡಿ, ಅದರೊಳಗೆ ಮಲಗಿ, ತಲೆ ಮಾತ್ರ ಹೊರಗೆ ಬಿಟ್ಟು ಮೈಮೇಲೆ ಮರಳು ಎಳೆದುಕೊಂಡರು. ಸ್ಟೇಷನ್ ಪ್ಲಾಟ್‌ಫಾರ್ಮ್ ಮೇಲೆ ಪ್ಲಾಸ್ಟಿಕ್ ಚೀಲ ಹೊದ್ದು ಮಲಗೋ ಮಗುವನ್ನು ನೋಡಿದಾಗ ಇನ್ಮೇಲೆ ನನಗೆ ಇದೇ ನೆನಪಾಗೋದು.

1878ರಲ್ಲಿ ಇಬ್ಬರೂ ಕಲ್ಕತ್ತೆಗೆ ಬಂದರು. ಇಪ್ಪತ್ತು ವರ್ಷದ ಹುಡುಗಿ ವಿದ್ವಾಂಸರ ಮುಂದೆ ನಿಂತು ಸಂಸ್ಕೃತದಲ್ಲಿ ಮಾತಾಡಿದಳು. ಅವರು ಬೆರಗಾಗಿ ಪಂಡಿತಾ ಅನ್ನೋ ಬಿರುದು ಕೊಟ್ಟರು, ಸರಸ್ವತಿ ಅಂತಲೂ ಕರೆದರು. ನಾಲ್ಕು ವರ್ಷ ಮುಂಚೆ ರೊಟ್ಟಿ ಕೇಳೋಕೆ ಬಾಯಿ ಬಾರದೆ ಅತ್ತ ಹುಡುಗಿ ಅದೇ. ಮುಂದೆ 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಅನ್ನೋ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದಳು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ತನಾಲ್ಕು ತುಂಬುವ ಮುಂಚೆಯೇ ವಿಧವೆ, ಕೈಯಲ್ಲಿ ಕೂಸು.

ಗಂಡನ ಮನೆಯಲ್ಲಿದ್ದಾಗ ಪುಸ್ತಕಗಳ ನಡುವೆ ಆಕೆಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಸಿಕ್ಕಿತ್ತು. ಅಲ್ಲಿಂದ ಹುಡುಕಾಟ ಶುರು. ಪುಣೆಗೆ ಬಂದು ಹೆಂಗಸರಿಗಾಗಿ ಆರ್ಯ ಮಹಿಳಾ ಸಮಾಜ ಕಟ್ಟಿದಳು. 1883ರಲ್ಲಿ ಓದೋಕೆ ಇಂಗ್ಲೆಂಡಿಗೆ ಹೋದಳು. ಅಲ್ಲಿ ಒಂದು ಸಂಗತಿ ನಡೆಯಿತು. ಲಂಡನ್ನಿನ ಫುಲ್ಹಮ್‌ನಲ್ಲಿ ಕ್ರೈಸ್ತ ಸಹೋದರಿಯರು ನಡೆಸುತ್ತಿದ್ದ ಒಂದು ಮನೆಗೆ ಆಕೆಯನ್ನು ಕರೆದುಕೊಂಡು ಹೋದರು. ಬೀದಿಗೆ ಬಿದ್ದ, ಸಮಾಜ ತಳ್ಳಿಬಿಟ್ಟ ಹೆಂಗಸರು ಅಲ್ಲಿದ್ದರು. ಅವರನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ತಾನು ಬೆಳೆದ ಕಡೆ ಇಂಥವರನ್ನು ಯಾರೂ ಹತ್ತಿರ ಸೇರಿಸಿದ್ದನ್ನು ರಮಾಬಾಯಿ ಕಂಡಿರಲಿಲ್ಲ. ಯಾಕೆ ಹೀಗೆ ಮಾಡ್ತೀರಿ ಅಂತ ಕೇಳಿದಾಗ, ಆ ಸಹೋದರಿಯರು ಯೇಸು ಸ್ವಾಮಿ ಬಾವಿಯ ಹತ್ತಿರ ಸಮಾರ್ಯದ ಸ್ತ್ರೀಯ ಜೊತೆ ಕೂತು ಮಾತಾಡಿದ ಕಥೆಯನ್ನು ತೋರಿಸಿದರು. ಅಲ್ಲೇ ಆಕೆಯ ಹೃದಯ ತೆರೆಯಿತು. ಆ ವರ್ಷ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ತೆಗೆದುಕೊಂಡಳು.

ಗಮನಿಸಿ ನೋಡ್ರಿ. ಇಷ್ಟು ದೊಡ್ಡ ಪಂಡಿತೆಯನ್ನು ಯೇಸುವಿನ ಹತ್ತಿರ ಎಳೆದು ತಂದದ್ದು ಬೀದಿಗೆ ಬಿದ್ದವರ ಪಕ್ಕದಲ್ಲಿ ಕೂತ ಪ್ರೀತಿ. ಆದರೂ, ಆಗ ತನಗೆ ಕ್ರೈಸ್ತ ಮತ ತಿಳಿದಿತ್ತು, ಕ್ರಿಸ್ತನನ್ನು ಸ್ವಂತ ರಕ್ಷಕನಾಗಿ ಅರಿತದ್ದು ಎಂಟು ವರ್ಷ ಕಳೆದ ಮೇಲೆ ಅಂತ ಆಕೆ ಮುಂದೆ ಸಾಕ್ಷಿ ಹೇಳಿದ್ದಾಳೆ. ಸಭೆಗೆ ಬಂದು ಹೋಗೋದಕ್ಕೂ ಕರ್ತನನ್ನು ಅರಿಯೋದಕ್ಕೂ ಎಷ್ಟು ಅಂತರ ಇದೆ ಅಂತ ನಮಗೆಲ್ಲ ಗೊತ್ತು.

ಇಂಗ್ಲೆಂಡಿನಿಂದ 1886ರಲ್ಲಿ ಅಮೆರಿಕಕ್ಕೆ ಹೋಗಿ, ಊರೂರು ತಿರುಗಿ ಮಾತಾಡಿ, ನಮ್ಮ ದೇಶದ ವಿಧವೆಯರ ಬಗ್ಗೆ ಪುಸ್ತಕ ಬರೆದು ಹಣ ಕೂಡಿಸಿದಳು. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ಅನ್ನೋ ಶಾಲೆ ಶುರುವಾಯಿತು. ಬಾಲ್ಯದಲ್ಲೇ ವಿಧವೆಯರಾದ ಹುಡುಗಿಯರಿಗಾಗಿ. ಮೊದಲು ಬಂದವರಲ್ಲಿ ಗೋದುಬಾಯಿ ಅಂತ ಒಬ್ಬಳಿದ್ದಳು. ಆಕೆ ಮುಂದೆ ಧೋಂಡೊ ಕೇಶವ ಕರ್ವೆ ಅವರನ್ನು ಮರುಮದುವೆಯಾದಳು. ಆ ಕರ್ವೆಯವರೇ ವಿಧವೆಯರಿಗೆ ಆಶ್ರಮ ಕಟ್ಟಿ, 1916ರಲ್ಲಿ ಹೆಣ್ಣುಮಕ್ಕಳಿಗಾಗಿ ವಿಶ್ವವಿದ್ಯಾಲಯ ಶುರು ಮಾಡಿದ್ದು. ಒಂದು ಹುಡುಗಿಗೆ ಬಾಗಿಲು ತೆರೆದರೆ ಅದು ಎಲ್ಲಿಯವರೆಗೆ ಹೋಗುತ್ತೆ ಅಂತ ನಮಗೆ ಗೊತ್ತಾಗಲ್ಲ.

1896ರಲ್ಲಿ ಮತ್ತೆ ಬರ. ಮಧ್ಯ ಪ್ರಾಂತ್ಯದಲ್ಲಿ ಜನ ಸಾಯ್ತಿದ್ದಾರೆ ಅನ್ನೋ ಸುದ್ದಿ ಪುಣೆಗೆ ಬಂತು. ಅಷ್ಟರಲ್ಲಿ ಶಾಲೆ ಮುಂಬೈಯಿಂದ ಪುಣೆಗೆ ಬಂದಿತ್ತು. ರಮಾಬಾಯಿಗೆ ಆಗ ಮೂವತ್ತೆಂಟು ವರ್ಷ. ಕೈಯಲ್ಲಿ ಹೆಚ್ಚಿನ ಹಣ ಇಲ್ಲ. ಇರೋ ಶಾಲೆ ನಡೆಸೋದೇ ಕಷ್ಟ. ನಾನಾಗಿದ್ರೆ ಪ್ರಾರ್ಥನೆ ಮಾಡ್ತೀವಿ ಅಂತ ಹೇಳಿ ಸುಮ್ಮನಾಗ್ತಿದ್ದೆನೇನೋ. ಆಕೆ ಸುಮ್ಮನಿರಲಿಲ್ಲ. ತಾನು ಎಲೆ ತಿಂದ ದಿನಗಳು, ತಾಯಿಯ ಶವ ಹೊತ್ತ ದಿನ ಆಕೆಯ ಕಣ್ಣ ಮುಂದೆ ಬಂದವು. ಹೊರಟೇಬಿಟ್ಟಳು.

ಅಲ್ಲಿ ಕಂಡದ್ದು ಬರೀ ಹಸಿವಲ್ಲ. ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಆಸೆ ತೋರಿಸಿ ಕೆಟ್ಟ ದಾರಿಗೆ ಒಯ್ಯೋ ಜನ ರಸ್ತೆಯಲ್ಲಿ, ಪರಿಹಾರ ಶಿಬಿರಗಳ ಹತ್ತಿರ ಕಾಯ್ತಿದ್ದರು. ಊಟ ಕೊಟ್ಟು ಬಂದರೆ ಸಾಲದು, ಕರೆದುಕೊಂಡು ಬರಬೇಕು, ಬೆಳೆಸಬೇಕು ಅಂತ ಆಕೆಗೆ ಅರ್ಥವಾಯಿತು. ಆ ಬರದಲ್ಲಿ ಸುಮಾರು 300 ಹುಡುಗಿಯರನ್ನು ಕರೆತಂದಳು. ಪುಣೆಯಲ್ಲಿ ಪ್ಲೇಗ್ ಇದ್ದದ್ದರಿಂದ ಅಷ್ಟು ಜನರನ್ನು ಊರೊಳಗೆ ಇಟ್ಟುಕೊಳ್ಳೋಕೆ ಅಧಿಕಾರಿಗಳು ಒಪ್ಪಲಿಲ್ಲ. ಪುಣೆಯಿಂದ ದೌಂಡ್ ಕಡೆ ಹೋಗೋ ರೈಲು ದಾರಿಯಲ್ಲಿ ಕೆಡಗಾಂವ್ ಅನ್ನೋ ಊರಲ್ಲಿ ಆಕೆ ಹೊಲ ಕೊಂಡಿದ್ದಳು. ಅಲ್ಲೇ ಹುಲ್ಲಿನ ಗುಡಿಸಲು ಹಾಕಿದರು, ಡೇರೆ ಹಾಕಿದರು. 1898ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕಟ್ಟಡ ಪ್ರತಿಷ್ಠೆಯಾಯಿತು. ಅದರ ಹೆಸರು ಮುಕ್ತಿ. 1900ರಲ್ಲಿ ಗುಜರಾತಿನಲ್ಲಿ ಬರ ಬಂದಾಗ ಇನ್ನೂ ನೂರಾರು ಮಕ್ಕಳು ಬಂದರು. ಆ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು 2000 ಜನ.

ಆ ಮಕ್ಕಳು ಹೇಗಿದ್ರು ಅಂತೀರಾ? ತುಂಬಾ ವಿನಯದಿಂದ, ಕೈಮುಗಿದು, ಥ್ಯಾಂಕ್ಯೂ ಅಂತ ಹೇಳೋ ಮಕ್ಕಳಲ್ಲ. ಮೈತುಂಬ ಹುಣ್ಣು, ಹೊಟ್ಟೆ ತುಂಬಿದ ಮೇಲೂ ಅನ್ನ ಬಚ್ಚಿಡೋ ಅಭ್ಯಾಸ, ಸುಳ್ಳು, ಜಗಳ, ಭಯ. ಬೀದಿಯಲ್ಲಿ ಬದುಕಿ ಉಳಿಯೋಕೆ ಒಂದು ಮಗು ಏನೇನು ಕಲಿಯುತ್ತೋ ಅದೆಲ್ಲ. ಬೀದಿ ಮಕ್ಕಳ ಸೇವೆ ಅಂದ್ರೆ ಇದು, ಪ್ರಿಯರೇ. ಒಂದು ದಿನದ ಕಾರ್ಯಕ್ರಮ ಅಲ್ಲ.

ಇನ್ನು ಆಕೆ ಮಾಡಿದ ಮುಖ್ಯ ಕೆಲಸಕ್ಕೆ ಬರೋಣ. ರಮಾಬಾಯಿ ಆ ಮಕ್ಕಳನ್ನು ಜೀವನಪೂರ್ತಿ ಕೈ ಚಾಚೋರನ್ನಾಗಿ ಇಟ್ಟುಕೊಳ್ಳಲಿಲ್ಲ. ಎಲ್ಲರಿಗೂ ಓದು ಬರಹ, ಎಲ್ಲರಿಗೂ ಒಂದು ಕೈಕೆಲಸ. ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಹೈನು, ತೋಟ, ಮುದ್ರಣ. ಮೂರು ವರ್ಷ ಮುಂಚೆ ರಸ್ತೆ ಬದಿ ಬಿದ್ದಿದ್ದ ಹುಡುಗಿ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದಳು. ಕಣ್ಣು ಕಾಣದವರಿಗೆ ಬಾರ್ತಿಮೀ ಸದನ ಅಂತ ಬೇರೆ ಮನೆ ಇತ್ತು, ಅಲ್ಲಿ ಬ್ರೈಲ್ ಕಲಿಸುತ್ತಿದ್ದರು. ಮತ್ತೆ, ದೊಡ್ಡ ಹುಡುಗಿಯರೇ ಚಿಕ್ಕ ಮಕ್ಕಳಿಗೆ ಅಕ್ಕಂದಿರು, ಟೀಚರ್‌ಗಳು, ತಾಯಂದಿರು. ನಿನ್ನೆ ಎತ್ತಿಕೊಂಡು ಬಂದವಳು ಇವತ್ತು ಇನ್ನೊಬ್ಬಳನ್ನು ಎತ್ತಿಕೊಳ್ಳುತ್ತಿದ್ದಳು. ಸಬಲೀಕರಣ ಅನ್ನೋ ದೊಡ್ಡ ಪದ ನಾವು ಭಾಷಣದಲ್ಲಿ ಬಳಸ್ತೀವಲ್ಲ, ಅದರ ಅರ್ಥ ಇಷ್ಟೇ.

ಈಗ ಪೆಂತೆಕೊಸ್ತಿನವರಾದ ನಾವು ಎದ್ದು ಕೂರಬೇಕಾದ ಭಾಗ. ವೇಲ್ಸ್ ದೇಶದಲ್ಲಿ 1904ರಲ್ಲಿ ಉಜ್ಜೀವನ ಬಂದ ಸುದ್ದಿ ಮುಕ್ತಿಗೂ ತಲುಪಿತು. 1905ರ ಜನವರಿಯಲ್ಲಿ ರಮಾಬಾಯಿ ಪ್ರಾರ್ಥನೆಗೆ ಬನ್ನಿ ಅಂತ ಕರೆದಾಗ 70 ಜನ ಮುಂದೆ ಬಂದರು. ಜೂನ್ ಹೊತ್ತಿಗೆ 550 ಜನ ದಿನಕ್ಕೆ ಎರಡು ಸಲ ಕೂಡಿ ಪ್ರಾರ್ಥಿಸುತ್ತಿದ್ದರು. ಓದು ಬಿಟ್ಟು ಹಳ್ಳಿಗಳಿಗೆ ಸುವಾರ್ತೆಗೆ ಹೋಗೋಕೆ ಯಾರು ಸಿದ್ಧ ಅಂತ ಕೇಳಿದಾಗ ಸುಮಾರು ಮೂವತ್ತು ಹುಡುಗಿಯರು ಹೆಸರು ಕೊಟ್ಟರು. ಅವರು ಆತ್ಮನ ಬಲಕ್ಕಾಗಿ ದಿನಾ ಕಾಯುತ್ತಿದ್ದರು. ಜೂನ್ 29ರ ಬೆಳಗಿನ ಜಾವ, ಮಲಗೋ ಕೋಣೆಯಲ್ಲಿ ಒಬ್ಬ ಹುಡುಗಿಯ ಮೇಲೆ ಪವಿತ್ರಾತ್ಮನು ಇಳಿದನು. ಪಕ್ಕದಲ್ಲಿದ್ದವಳಿಗೆ ಬೆಂಕಿ ಕಾಣಿಸಿತಂತೆ. ಗಾಬರಿಯಿಂದ ಓಡಿಹೋಗಿ ಬಕೆಟ್ ನೀರು ತಂದು ಸುರಿಯೋಕೆ ಹೋದಳು. ಆಮೇಲೆ ನೋಡಿದರೆ ಅದು ಸುಡುವ ಬೆಂಕಿಯಲ್ಲ. ಹಲ್ಲೆಲೂಯಾ! ಪಾಪದ ಅರಿಕೆ, ಕಣ್ಣೀರು, ಆಮೇಲೆ ಸಂತೋಷ, ಸ್ತೋತ್ರ. ಮುಂದೆ ಅನ್ಯಭಾಷೆಗಳ ವರವೂ ಅಲ್ಲಿ ಕಂಡಿತು. ಆ ಹುಡುಗಿಯರು ತಂಡ ತಂಡವಾಗಿ ಸುತ್ತಲ ಹಳ್ಳಿಗಳಿಗೆ ಹೋದರು.

ಅಮೆರಿಕದ ಅಜುಸಾ ಬೀದಿಯ ಉಜ್ಜೀವನ ಶುರುವಾದದ್ದು 1906ರ ಏಪ್ರಿಲ್‌ನಲ್ಲಿ. ಮುಕ್ತಿಯಲ್ಲಿ ಅದಕ್ಕಿಂತ ಹತ್ತು ತಿಂಗಳು ಮೊದಲು. ಮುಕ್ತಿಯಲ್ಲಿ ಸೇವೆ ಮಾಡ್ತಿದ್ದ ಮಿನ್ನಿ ಏಬ್ರಮ್ಸ್ ಅನ್ನೋ ಸಹೋದರಿ ಇದರ ಬಗ್ಗೆ ಬರೆದ ಪುಸ್ತಕ ದಕ್ಷಿಣ ಅಮೆರಿಕದ ಚಿಲಿ ದೇಶದವರೆಗೆ ಹೋಯಿತು. ಅದನ್ನು ಓದಿದವರ ನಡುವೆ ಅಲ್ಲಿ 1909ರಲ್ಲಿ ಪೆಂತೆಕೊಸ್ತಿನ ಉಜ್ಜೀವನ ಎದ್ದಿತು. ನಮ್ಮ ವಂಶಾವಳಿ ಕೇಳಿದ್ರೆ ನಾವು ಯಾವಾಗಲೂ ಅಮೆರಿಕದ ಹೆಸರು ಹೇಳ್ತೀವಿ. ಆದ್ರೆ ನಮ್ಮ ದೇಶದಲ್ಲಿ ಬೆಂಕಿ ಇಳಿದದ್ದು ಯಾರ ಮೇಲೆ? ಪದವಿ ಪಡೆದ ಪಾಸ್ಟರ್‌ಗಳ ಮೇಲಾ? ಬರದಲ್ಲಿ ಬೀದಿಯಿಂದ ಎತ್ತಿಕೊಂಡು ಬಂದ ಹುಡುಗಿಯರ ಮೇಲೆ.

ಪ್ರಿಯರೇ, ನನ್ನ ಹೃದಯಕ್ಕೆ ಚುಚ್ಚಿದ್ದು ಇದೇ. ನಾವು ಆ ಬೆಂಕಿ ಬೇಕು ಅಂತ ಹಾಡ್ತೀವಿ, ಉಪವಾಸ ಮಾಡ್ತೀವಿ, ಇಡೀ ರಾತ್ರಿ ಪ್ರಾರ್ಥನೆ ಇಡ್ತೀವಿ. ಒಳ್ಳೆಯದು, ಬಿಡಬೇಡಿ. ಆದ್ರೆ ಮುಕ್ತಿಯಲ್ಲಿ ಬೆಂಕಿ ಇಳಿಯೋಕೆ ಮುಂಚೆ ಎಂಟು ವರ್ಷ ಅಲ್ಲಿ ಅನ್ನ ಬೇಯುತ್ತಿತ್ತು, ಹುಣ್ಣು ತೊಳೆಯುತ್ತಿದ್ದರು, ಅಕ್ಷರ ಕಲಿಸುತ್ತಿದ್ದರು. ಒಲೆ ಹಚ್ಚಿದ ಮನೆಗೇ ಕರ್ತನು ಆ ಬೆಂಕಿ ಕಳಿಸಿದನು. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳೋ ಹಕ್ಕು ನಮಗಿದೆಯಾ? ಯಾಕೋಬನು ತನ್ನ ಪತ್ರಿಕೆಯಲ್ಲಿ ಶುದ್ಧ ಭಕ್ತಿಯನ್ನು ಯಾವುದರಿಂದ ಅಳೆದಿದ್ದಾನೆ ಅಂತ ಮನೆಗೆ ಹೋಗಿ ಮೊದಲ ಅಧ್ಯಾಯದ ಕೊನೆಯ ವಚನ ಓದಿರಿ.

ಆಕೆಯ ದಾರಿ ಸಲೀಸಾಗಿರಲಿಲ್ಲ. ಶಾರದಾ ಸದನದಲ್ಲಿ ಯಾವ ಮತವನ್ನೂ ಹೇರಲ್ಲ ಅಂತ ಆಕೆ ಮಾತು ಕೊಟ್ಟಿದ್ದಳು. ಆದರೆ ಕೆಲವು ಹುಡುಗಿಯರು ಆಕೆಯ ಪ್ರಾರ್ಥನೆಗೆ ಬಂದು ಕೂರತೊಡಗಿದಾಗ 1893ರಲ್ಲಿ ದೊಡ್ಡ ಗಲಾಟೆಯಾಯಿತು. ಬೆಂಬಲಿಸಿದ್ದ ಗಣ್ಯರು ಕೈಬಿಟ್ಟರು, ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ನಾವು ಸ್ಟೇಷನ್‌ಗೆ ಹೋದಾಗಲೂ ಜನ ಅನುಮಾನದಿಂದ ನೋಡ್ತಾರೆ. ನಮ್ಮ ಕೈ ಶುದ್ಧವಾಗಿರಬೇಕು. ರೊಟ್ಟಿಯನ್ನು ಗಾಳಕ್ಕೆ ಸಿಕ್ಕಿಸೋ ಹುಳ ಮಾಡಬಾರದು. ಯೇಸು ಸ್ವಾಮಿ ಐದು ಸಾವಿರ ಜನಕ್ಕೆ ಊಟ ಕೊಟ್ಟಾಗ ಯಾರ ಹತ್ತಿರವೂ ಏನೂ ಬರೆಸಿಕೊಳ್ಳಲಿಲ್ಲ. ಹಸಿದಿದ್ದಾರೆ ಅಂತ ಕೊಟ್ಟನು. ನಾವೂ ಅಷ್ಟೇ ಮಾಡೋಣ.

ಆಕೆಯ ಕೊನೆಯ ವರ್ಷಗಳು. 1912ರಲ್ಲಿ ತಾಯಿ ಮಗಳು ಸೇರಿ ನಮ್ಮ ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಆಗ ಅದು ನಿಜಾಮನ ಸೀಮೆ, ಓದು ಬಹಳ ಹಿಂದುಳಿದಿದ್ದ ಜಾಗ. ಬೆಟ್ಟದಲ್ಲಿ ಹುಟ್ಟಿ ಬೆತ್ತದ ಪೆಟ್ಟಿಗೆಯಲ್ಲಿ ಹೊರಟ ಮಗು ಹೀಗೆ ಕನ್ನಡ ನಾಡಿಗೆ ಶಾಲೆಯಾಗಿ ಹಿಂತಿರುಗಿತು. ಇನ್ನೊಂದು ಕಡೆ ಆಕೆ ಸಾಮಾನ್ಯ ಹೆಂಗಸರಿಗೂ ಅರ್ಥವಾಗೋ ಮರಾಠಿಯಲ್ಲಿ ಇಡೀ ಸತ್ಯವೇದವನ್ನು ಅನುವಾದ ಮಾಡಿದಳು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತಳು. ಅಚ್ಚು ಮಾಡಿದ್ದು ಮುಕ್ತಿಯ ಹೆಣ್ಣುಮಕ್ಕಳೇ. 1919ರಲ್ಲಿ ಸರ್ಕಾರ ಕೈಸರ್ ಎ ಹಿಂದ್ ಪದಕ ಕೊಟ್ಟಿತು. 1921ರ ಜುಲೈನಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡಳು. ಮರುವರ್ಷ, 1922ರ ಏಪ್ರಿಲ್ 5ರಂದು ರಮಾಬಾಯಿ ಕರ್ತನಲ್ಲಿ ನಿದ್ರೆ ಹೋದಳು. ಸ್ವಂತ ಮನೆಯವರು ಅಂತ ಯಾರೂ ಉಳಿದಿರಲಿಲ್ಲ. ಆದ್ರೆ ಅಮ್ಮ ಅನ್ನೋರು ನೂರಾರು ಜನ ಇದ್ದರು. ಕೆಡಗಾಂವ್‌ನ ಮುಕ್ತಿ ಇವತ್ತಿಗೂ ನಡೀತಿದೆ.

ಈಗ ಹೊಸಪೇಟೆಗೆ ಬರೋಣ. ಬರ ಬೇರೆ ರೂಪದಲ್ಲಿದೆ. ಸ್ಟೇಷನ್, ಬಸ್ ಸ್ಟ್ಯಾಂಡ್‌ನಲ್ಲಿ ಬಾಟಲಿ ಆರಿಸೋ ಮಕ್ಕಳು. ಹಂಪಿಯಲ್ಲಿ ಶಾಲೆಯ ಹೊತ್ತಲ್ಲಿ ಮ್ಯಾಪು, ಪೋಸ್ಟ್‌ಕಾರ್ಡ್ ಹಿಡಿದು ಟೂರಿಸ್ಟ್‌ಗಳ ಹಿಂದೆ ಓಡೋ ಮಕ್ಕಳು. ಸಂಡೂರಿನ ಗಣಿ ಕೆಲಸ ನಂಬಿ ಬಂದ ಕುಟುಂಬಗಳ ಮಕ್ಕಳು. ಕಂಪ್ಲಿ ಕಡೆ ಗದ್ದೆ, ಕಬ್ಬಿನ ಕೆಲಸಕ್ಕೆ ಬಂದವರ ಜೊತೆ ಟೆಂಟ್‌ನಲ್ಲಿ ಮಲಗೋ ಮಕ್ಕಳು. ನಾವು ಮುಕ್ತಿ ಕಟ್ಟೋಕೆ ಆಗಲ್ಲ. ಆದ್ರೆ ನಾಲ್ಕು ಕೆಲಸ ಇವತ್ತೇ ಶುರು ಮಾಡಬಹುದು.

ಒಂದು, ಒಂಟಿಯಾಗಿ, ಕಷ್ಟದಲ್ಲಿ ಇರೋ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ದುಡ್ಡು ಬೀಳಲ್ಲ. ಪ್ರೀತಿ ಉಕ್ಕಿ ಬಂತು ಅಂತ ಮಗುವನ್ನು ನೀವೇ ಮನೆಗೆ ಕರೆದುಕೊಂಡು ಹೋಗಬೇಡ್ರಿ. ಅದು ಕಾನೂನಿಗೂ ಸರಿಯಲ್ಲ, ಮಗುವಿಗೂ ಕ್ಷೇಮವಲ್ಲ. ಅದನ್ನು ತೀರ್ಮಾನ ಮಾಡೋಕೆ ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇದೆ.

ಎರಡು, ಫೋಟೋ ಬೇಡ. ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡೋದನ್ನ 2015ರ ಬಾಲ ನ್ಯಾಯ ಕಾಯ್ದೆ ತಡೆಯುತ್ತೆ. ಕಾನೂನು ಬಿಡಿ, ನಿಮ್ಮ ತಮ್ಮ ಹಸಿದು ಕೂತಾಗ ಯಾರೋ ಬಂದು ಸೆಲ್ಫಿ ತೆಗೆದ್ರೆ ನೀವು ಒಪ್ತೀರಾ? ನನ್ನ ಸ್ಟೇಟಸ್‌ನಲ್ಲಿ ಹಾಕಿದ್ದಕ್ಕೆ ನಾನು ಕರ್ತನ ಹತ್ತಿರ ಕ್ಷಮೆ ಕೇಳಿದ್ದೀನಿ.

ಮೂರು, ಶಾಲೆ. ಶಿಕ್ಷಣ ಹಕ್ಕು ಕಾಯ್ದೆ 2009ರಿಂದ ಇದೆ. ಆರರಿಂದ ಹದಿನಾಲ್ಕು ವರ್ಷದ ಯಾವ ಮಗುವಿಗೂ ಉಚಿತ ಶಿಕ್ಷಣ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಜನನ ಪ್ರಮಾಣ ಪತ್ರ ಇಲ್ಲ, ಟಿಸಿ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಎಷ್ಟೋ ತಂದೆತಾಯಿಗೆ ಇದು ಗೊತ್ತಿಲ್ಲ. ಡಿಗ್ರಿ ಓದಿರೋ ನೀವು ಜೊತೆಗೆ ಹೋಗಿ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿದ್ರೆ ಒಂದು ಮಗುವಿನ ಹೆಸರು ಹಾಜರಿ ಪುಸ್ತಕಕ್ಕೆ ಬರುತ್ತೆ.

ನಾಲ್ಕು, ತಪ್ಪದೆ ಹೋಗೋದು. ರಮಾಬಾಯಿಯ ತಾಯಿ ದಿನಾ ಬೆಳಿಗ್ಗೆ ಪಕ್ಕದಲ್ಲಿ ಕೂತಳು ಅಂತ ಹೇಳಿದೆನಲ್ಲ, ಅದು. ಶನಿವಾರ ಸಂಜೆ ಎರಡು ಗಂಟೆ. ಕನ್ನಡ ಓದೋದು, ಲೆಕ್ಕ, ಆಟ. ಇಬ್ಬರು ಮೂವರು ಸೇರಿಯೇ ಹೋಗಬೇಕು, ಒಬ್ಬೊಬ್ಬರೇ ಅಲ್ಲ, ಪೋಷಕರಿಗೆ ಹೇಳಿ, ಎಲ್ಲರ ಕಣ್ಣೆದುರು. ವರ್ಶಿಪ್ ಟೀಮ್‌ಗೆ ಪ್ರಾಕ್ಟೀಸ್ ತಪ್ಪಿಸಲ್ಲ ಅಲ್ವಾ, ಹಾಗೇ. ಹನ್ನೆರಡು ಜನ ಬಂದು ಒಂದು ತಿಂಗಳಿಗೆ ಬಿಡೋದಕ್ಕಿಂತ ಮೂರು ಜನ ಮೂರು ವರ್ಷ ಬಂದ್ರೆ ಸಾಕು. ಬರೋಕೆ ಆಗಲ್ಲ ಅನ್ನೋರು ಈಗಲೇ ಹೇಳಿಬಿಡಿ, ತಪ್ಪಿಲ್ಲ. ಆದ್ರೆ ಬರ್ತೀವಿ ಅಂತ ಹೇಳಿ ಬರದೇ ಇರೋದನ್ನ ಆ ಮಕ್ಕಳು ಈಗಾಗಲೇ ಸಾಕಷ್ಟು ನೋಡಿದ್ದಾರೆ.

ಹೋದ ಶನಿವಾರ ನಾನು ಸ್ಟೇಷನ್‌ಗೆ ಹೋಗಿದ್ದೆ. ಆ ಹುಡುಗ ಸಿಗಲಿಲ್ಲ. ಬೇರೆ ಇಬ್ಬರು ಸಿಕ್ಕರು. ಈ ಸಲ ಮೊದಲು ಹೆಸರು ಕೇಳಿದೆ, ಆಮೇಲೆ ಚಹಾ ಕುಡಿದ್ವಿ. ಅವನ ಬಗ್ಗೆ ವಿಚಾರಿಸಿದೆ, ಯಾವ ಊರಿಗೆ ಹೋದನೋ ಅವರಿಗೂ ಗೊತ್ತಿಲ್ಲ. ಮುಂದಿನ ಶನಿವಾರ ನಾಲ್ಕು ಗಂಟೆಗೆ ಮತ್ತೆ ಹೋಗ್ತೀನಿ. ಯಾರ್ಯಾರು ಬರ್ತೀರಿ, ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ.

ಎಲ್ಲರೂ ಕಣ್ಣು ಮುಚ್ಚೋಣ, ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಕಾಡಿನಲ್ಲಿ ಹುಟ್ಟಿ, ದಾರಿಯಲ್ಲಿ ಬೆಳೆದ ಆ ಮಗಳನ್ನು ನೀವು ಮರೆಯಲಿಲ್ಲ. ಮರಳಿನ ಗುಂಡಿಯಲ್ಲಿ ಮಲಗಿದ್ದಾಗಲೂ ನಿಮ್ಮ ಕಣ್ಣು ಆಕೆಯ ಮೇಲಿತ್ತು. ನಮ್ಮ ಊರಿನ ಮಕ್ಕಳ ಮೇಲೂ ನಿಮ್ಮ ಕಣ್ಣಿದೆ ಅಂತ ನಂಬ್ತೀವಿ. ನಾವು ನೋಡಿಯೂ ನೋಡದೆ ದಾಟಿ ಹೋದದ್ದನ್ನು ಕ್ಷಮಿಸಿರಿ. ಆ ಹುಡುಗ ಈ ರಾತ್ರಿ ಎಲ್ಲಿದ್ದಾನೋ ನಮಗೆ ಗೊತ್ತಿಲ್ಲ, ನಿಮಗೆ ಗೊತ್ತು. ಅವನ ಹೆಸರೂ ನಿಮಗೆ ಗೊತ್ತು. ಅವನನ್ನು ಕಾಪಾಡಿರಿ. ಈ ಯೌವನಸ್ಥರ ಮೇಲೆ ನಿಮ್ಮ ಆತ್ಮನನ್ನು ಸುರಿಸಿರಿ, ಅವರ ಕೈಗೆ ಕೆಲಸವನ್ನೂ ಕೊಡಿರಿ. ಶುರು ಮಾಡಿದ್ದನ್ನು ಬಿಡದ ಮನಸ್ಸು ಕೊಡಿರಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ತಂದೆಯೇ. ಆಮೆನ್.